ಮೂವತ್ತೆಂಟನೇ ಮನೆಯ ಕಣ್ಣು

ಬಿದ್ದವರನ್ನು ಎಬ್ಬಿಸುವುದಷ್ಟೇ ಗೊತ್ತಿರುವ ಆಸಾಮಿಯೊಬ್ಬನನ್ನು ಮನೆಯ ಉಸ್ತುವಾರಿಗೆ ಕೂರಿಸಿದರೆ ಏನಾದೀತು? ಶಿಡ್ಲಘಟ್ಟದ ಸುತ್ತಿನ ಅರವತ್ತು ರೇಷ್ಮೆ ಹುಳುಮನೆಗಳಲ್ಲಿ ಅಂಥವನು ಬಂದು ಕೂತು ನಾಲ್ಕು ವರ್ಷವಾಗಿತ್ತು. ಅವನು ಮನುಷ್ಯನಲ್ಲ, ಗೋಡೆಗೆ ಬಿಗಿದ ಡಬ್ಬಿಯೊಳಗಿನ ಒಂದು ಪ್ರೋಗ್ರಾಂ. ಎಂಜಿನಿಯರುಗಳು ಅವನಿಗೆ ಇಂಗ್ಲಿಷಿನಲ್ಲಿ ಏನೋ ಉದ್ದನೆಯ ಹೆಸರಿಟ್ಟಿದ್ದರು. ಹುಳು ಸಾಕುವವರು ಅದನ್ನು ಬಾಯಲ್ಲಿ ತಿರುಗಿಸಲಾರದೆ ಪಾರುಪತ್ಯಗಾರ ಎಂದು ಕರೆದರು, ಕೊನೆಗೆ ಕಾಗದಪತ್ರಗಳಲ್ಲೂ ಅದೇ ಹೆಸರು ನಿಂತಿತು.

ಒಂದೊಂದು ಮನೆಯಲ್ಲೂ ಅವನ ಕೈಕೆಳಗೆ ಐದು ಆಳುಗಳು. ಆಳು ಅಂದರೆ ಅವೂ ಪುಟ್ಟ ಪ್ರೋಗ್ರಾಂಗಳೇ. ಹಿಪ್ಪುನೇರಳೆ ಸೊಪ್ಪು ಕತ್ತರಿಸಿ ತಟ್ಟೆಗಳ ಮೇಲೆ ಉದುರಿಸುವವನೊಬ್ಬ, ಮಂಜಿನಂತೆ ನೀರು ಚಿಮ್ಮಿಸುವವನೊಬ್ಬ, ಫ್ಯಾನಿನವನು, ದೀಪದವನು, ಮತ್ತೆ ಸೂರಿನಲ್ಲಿ ಕ್ಯಾಮೆರಾ ಹಿಡಿದು ಕೂತ ಕಣ್ಣು. ಇವರಲ್ಲಿ ಯಾವನಾದರೂ ಕೆಲಸದ ನಡುವೆ ಕುಸಿದರೆ ಪಾರುಪತ್ಯಗಾರ ಹತ್ತೇ ಸೆಕೆಂಡಿನಲ್ಲಿ ಎಬ್ಬಿಸುತ್ತಾನೆ. ಮತ್ತೆ ಕುಸಿದರೆ ಮತ್ತೆ. ಮೂರು ಸಲ ಎಬ್ಬಿಸಿಯೂ ನಿಲ್ಲದಿದ್ದರೆ ದಿನಚರಿಯಲ್ಲಿ 'ಕೈಬಿಟ್ಟೆ' ಎಂದು ಬರೆದು ಸುಮ್ಮನಾಗುತ್ತಾನೆ. ಹಿಂದಿನ ಕಾಲದ ಮೇಸ್ತ್ರಿಗಳಿಗಿಂತ ಒಳ್ಳೆಯವನು, ಬೈಯುವುದಿಲ್ಲ.

ಅವನ ಜೊತೆ ಮಾತಾಡಲು ಚಿಕ್ಕಬಳ್ಳಾಪುರದ ನೂಲು ಸಂಘದ ಕಂಟ್ರೋಲ್ ರೂಮಿನಲ್ಲಿ ಒಂದು ದಾರಿ ಇತ್ತು. ಎಂಜಿನಿಯರುಗಳ ಬಾಯಲ್ಲಿ ಅದು ಎಪಿಐ, ಉಳಿದವರ ಬಾಯಲ್ಲಿ ಕಿಂಡಿ. ಕಿಂಡಿಯಿಂದ ಯಾರೂ ಒಳಗೆ ನುಗ್ಗುವ ಹಾಗಿಲ್ಲ, ಒಂದು ಸಾಲಿನ ಚೀಟಿ ತೂರಿಸಬಹುದು. ಇಂಥ ಮನೆಯ ಫ್ಯಾನು ಹೇಗಿದೆ ಹೇಳು, ಇಂಥ ದೀಪವನ್ನು ಎಬ್ಬಿಸು, ಹೀಗೆ. ಅವನೂ ಒಂದು ಸಾಲಿನಲ್ಲೇ ಉತ್ತರ ಕೊಡುತ್ತಾನೆ. ಆಳು ತಾನಾಗಿ ನಿಂತರೆ ಅವನು ಎಬ್ಬಿಸದೆ ಬಿಡುವವನಲ್ಲ. ನಿಂತವನು ನಿಂತೇ ಇರಬೇಕಾದರೆ ಕಿಂಡಿಯಿಂದ 'ನಿಲ್ಲಿಸು' ಎಂಬ ಅಪ್ಪಣೆ ಹೋಗಬೇಕು.

ಆ ಕಿಂಡಿಯ ಮುಂದೆ ಕೂರುವ ಆಪರೇಟರುಗಳಲ್ಲಿ ಗಂಗರತ್ನ ಎಲ್ಲರಿಗಿಂತ ಹಳಬಳು.

ಅವಳ ಗಂಡ ರಾಮಾಂಜಿ ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವನು. ಕುದಿಯುವ ಬಾಣಲೆಗೆ ಇಳಿದು, ನೂರು ಗೂಡುಗಳ ನಡುವೆ ಒಂದು ಎಳೆಯ ತುದಿಯನ್ನು ಕಣ್ಣುಮುಚ್ಚಿ ಹಿಡಿದು ತರುತ್ತಿದ್ದ ಬೆರಳುಗಳು ಅವನವು. ಹತ್ತು ತಿಂಗಳ ಹಿಂದೆ ಯಂತ್ರದ ಬೆಲ್ಟು ಅವನ ಬಲ ಮಣಿಕಟ್ಟನ್ನು ಸೀಳಿತು. ಗಾಯ ಮಾಯಿತು. ನರ ಮಾತ್ರ ಕಡಿದೇ ಉಳಿಯಿತು. ಹೆಬ್ಬೆರಳಿಗೂ ಪಕ್ಕದ ಎರಡು ಬೆರಳಿಗೂ ಬಿಸಿ ತಣ್ಣಗೆ ಯಾವುದೂ ತಿಳಿಯದಾಯಿತು.

ಆದರೂ ಹಠ. ಕಾಫಿ ಲೋಟವನ್ನು ಬಲಗೈಯಲ್ಲೇ ಹಿಡಿಯಬೇಕು. ಮೊದಲ ತಿಂಗಳು ಸುಡುವ ಲೋಟ ಹಿಡಿದು ಪೇಪರು ಓದುತ್ತಾ ಕೂತವನ ಬೆರಳಲ್ಲಿ ಬೊಬ್ಬೆ ಎದ್ದಿದ್ದನ್ನು ಗಂಗರತ್ನಳೇ ನೋಡಿ ಕಿರುಚಿದ್ದಳು. ಅಂದಿನಿಂದ ಲೋಟವನ್ನು ಮೊದಲು ತಾನು ಮುಟ್ಟಿ ನೋಡಿ, "ಈಗ ಹಿಡೀಬೋದು" ಎಂದು ಹೇಳಿ ಕೊಡುವುದು ಅವಳ ಬೆಳಗಿನ ಮೊದಲ ಕೆಲಸ.

"ನಿನ್ನ ಬೆರಳೇ ನನ್ನ ಬೆರಳು ಆಗೋಯ್ತು," ಎಂದು ರಾಮಾಂಜಿ ನಗುತ್ತಿದ್ದ. ನಗುವುದು ಸುಲಭ. ಬಾಣಲೆಯ ಮುಂದೆ ಬೇರೆಯವನು ಕೂತಿರುವುದನ್ನು ನೋಡಿ ಬಂದ ದಿನ ಅವನು ಊಟ ಬಿಟ್ಟು ಮಲಗುತ್ತಿದ್ದುದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮದ್ದು ಇರಲಿಲ್ಲವೆಂದಲ್ಲ. ಸಂಘದ ಹುಳುಗಳು ಸಾಮಾನ್ಯ ರೇಷ್ಮೆಹುಳುಗಳಲ್ಲ. ಅವುಗಳ ಎಳೆಯನ್ನು ಲ್ಯಾಬಿನಲ್ಲಿ ಹದ ಮಾಡಿ ಕೂದಲಿನಷ್ಟು ಸಣ್ಣ ಕೊಳವೆಗಳಾಗಿ ಹೆಣೆಯುತ್ತಿದ್ದರು. ಕಡಿದ ನರದ ಎರಡು ತುದಿಗಳನ್ನು ಕೊಳವೆಯ ಎರಡು ಬಾಯಿಗೆ ಕೂರಿಸಿ ಹೊಲಿದರೆ, ನರ ಅದರೊಳಗೆ ದಿನಕ್ಕೆ ಒಂದು ಮಿಲಿಮೀಟರಿನಂತೆ ನಡೆದು ಬೆರಳಿನ ತುದಿ ಸೇರುತ್ತಿತ್ತು. ಆದರೆ ಕಡಿದ ಒಂದು ವರ್ಷದೊಳಗೆ ಹೊಲಿಯಬೇಕು. ಆಮೇಲೆ ಕೈ ನರವನ್ನು ಮರೆತುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ರಾಮಾಂಜಿಯ ಪಾಲಿಗೆ ಗೊತ್ತುಮಾಡಿದ್ದು ದೊಡ್ಡಗುಟ್ಟೆಯ ಮೂವತ್ತೆಂಟನೇ ಮನೆಯ ನೂಲು. ಆ ಮನೆಯ ಬೆಳೆ ಎರಡು ಸಲ ನಾಲ್ಕನೇ ಜ್ವರ ದಾಟುವಾಗಲೇ ಕೆಟ್ಟುಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈಗ ಮೂರನೆಯ ಬೆಳೆ. ಇದೂ ಕೆಟ್ಟರೆ ಇನ್ನೊಂದಕ್ಕೆ ಕಾಲವಿಲ್ಲ.

ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಬೆಳೆದು ಚರ್ಮ ಸಾಲದಾದಾಗ ಮೇಯುವುದನ್ನು ಬಿಟ್ಟು, ತಲೆ ಎತ್ತಿ, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ನಿಂತು ಹಳೇ ಪೊರೆ ಕಳಚುತ್ತದೆ. ಇಂಥ ನಾಲ್ಕು ಜ್ವರ ದಾಟಿದ ಮೇಲೇ ಗೂಡು. ಜ್ವರದಲ್ಲಿ ಹುಳುವಿಗೆ ಸೊಪ್ಪು ಹಾಕಬಾರದು, ನೀರು ತಾಕಿಸಬಾರದು, ಹಾಸಿಗೆ ಒಣಗಿರಬೇಕು. ಇದು ವಿಜ್ಞಾನ. ನಾಲ್ಕನೇ ಜ್ವರದಲ್ಲಿ ಹುಳುವಿನ ಮೇಲೆ ಹೊರಗಿನವರ ಕಣ್ಣು ಬೀಳಬಾರದು, ದೃಷ್ಟಿ ತಾಗುತ್ತದೆ. ಇದು ಆ ಸೀಮೆಯ ಅಜ್ಜಿಯರ ಮಾತು. ಸಾಕುವವರು ಎರಡನ್ನೂ ಒಂದೇ ಉಸಿರಿನಲ್ಲಿ ಕಲಿತಿರುತ್ತಾರೆ, ಯಾವುದು ಯಾವುದೆಂದು ಬೇರೆ ಮಾಡುವ ಗೋಜಿಗೆ ಹೋಗುವುದಿಲ್ಲ.

ಆ ಸೋಮವಾರ ಗಂಗರತ್ನ ಬೆಳಿಗ್ಗೆ ಏಳಕ್ಕೇ ದೊಡ್ಡಗುಟ್ಟೆಯಲ್ಲಿದ್ದಳು. ಕೈಯಲ್ಲಿ ಬೇವಿನಸೊಪ್ಪು, ಅರಿಸಿನ ಹಾಕಿ ಕುದಿಸಿ ಒಣಗಿಸಿದ ಒಂದು ದಪ್ಪ ಬಟ್ಟೆ. ಮೂವತ್ತೆಂಟನೇ ಮನೆಯನ್ನು ನೋಡಿಕೊಳ್ಳುವ ಪಿಳ್ಳಮ್ಮ ಅವಳನ್ನು ಕಾಲು ತೊಳೆಸಿ, ಸುಣ್ಣದ ಪುಡಿ ತುಳಿಸಿ ಒಳಗೆ ಬಿಟ್ಟಳು. ಅರವತ್ತು ದಾಟಿದ ಪಿಳ್ಳಮ್ಮ ಹುಳುವಿನ ಮುಖ ನೋಡಿ ನಾಳೆಯ ಹವಾ ಹೇಳುವವಳು.

"ತಲೆ ಎತ್ತವೆ ನೋಡವ್ವ. ಸಂದಾಗವೆ. ಹೋದ ಎಲ್ಡು ಬೆಳೆಲೂ ಇಂಗೇ ಸಂದಾಗಿದ್ವು. ಹೆಂಗಿದ್ ಉಳ ಹೆಂಗೋದ್ವು!" ಎಂದು ಅವಳು ಪಿಸುಗುಟ್ಟಿದಳು.

"ನೀನು ಕಣ್ಣಿಗೆ ಬಟ್ಟೆ ಕಟ್ಟಿದ್ದೆ ತಾನೇ ಪಿಳ್ಳಕ್ಕ?"

"ಕಟ್ಟಿದ್ದೆ. ತೆಳ್ಳಗಿತ್ತೇನೋ. ಅಲ್ಲಿ ಆಫೀಸ್ನಾಗೆ ಎಷ್ಟ್ ಜನ ನೋಡ್ತಾರೋ, ಯಾರ್ ಕಣ್ಣು ಎಂಥದೋ."

ಗಂಗರತ್ನ ಸ್ಟೂಲು ಹತ್ತಿ ಕ್ಯಾಮೆರಾಕ್ಕೆ ಬಟ್ಟೆ ಸುತ್ತಿ ಎರಡು ಗಂಟು ಹಾಕಿದಳು. ಹದಿಮೂರು ವರ್ಷ ಕಂಪ್ಯೂಟರಿನ ಮುಂದೆ ಕೂತ ಹೆಂಗಸು, ತಪ್ಪೆಂದು ಗೊತ್ತಿಲ್ಲದೆ ಇರಲಿಲ್ಲ. ಕತ್ತಲಾದರೆ ಕಣ್ಣು ಕುಸಿಯುತ್ತದೆ, ಪಾರುಪತ್ಯಗಾರ ಮೂರು ಸಲ ಎಬ್ಬಿಸಿ ಕೈಬಿಡುತ್ತಾನೆ, ನಾಳೆ ಬಟ್ಟೆ ಬಿಚ್ಚಿದ ಮೇಲೆ ಕಿಂಡಿಯಿಂದ ಎಬ್ಬಿಸಿದರಾಯಿತು, ಇಷ್ಟೇ ಎಂದು ಅವಳ ಲೆಕ್ಕ. ಗಂಡನ ಕೈಯ ಪ್ರಶ್ನೆ ಬಂದಾಗ ಬುದ್ಧಿಯೂ ಇರಲಿ, ಬಟ್ಟೆಯೂ ಇರಲಿ ಅನ್ನಿಸಿತ್ತು. ಪಿಳ್ಳಮ್ಮ ಬಾಗಿಲೆಳೆದು ಚಿಲಕ ಹಾಕಿದಳು. ಹುಳುಗಳಿಗೆ ಸದ್ದಾಗಬಾರದೆಂದು ತನ್ನ ಫೋನನ್ನು ಅಕ್ಕಿಡಬ್ಬದೊಳಗೆ ಹುಗಿದಿಟ್ಟಳು. ಇನ್ನು ನಾಳೆ ಬೆಳಗಿನವರೆಗೆ ಆ ಬಾಗಿಲು ತೆಗೆಯುವಂತಿಲ್ಲ.

ಒಂಬತ್ತಕ್ಕೆ ಗಂಗರತ್ನ ಕಂಟ್ರೋಲ್ ರೂಮಿನಲ್ಲಿ ತನ್ನ ಕುರ್ಚಿಯಲ್ಲಿದ್ದಳು. ತಮ್ಮವರ ಪಾಲಿರುವ ಮನೆಯನ್ನು ಆಪರೇಟರು ನೋಡಬಾರದೆಂಬ ನಿಯಮವಿದ್ದುದರಿಂದ ಮೂವತ್ತೆಂಟು ಪಕ್ಕದ ಮೇಜಿನ ಜಬೀನಳ ಪಾಲಿಗಿತ್ತು. ಜಬೀನ್ ಶಿಡ್ಲಘಟ್ಟದ ನೂಲು ತೆಗೆಯುವ ರೀಲರುಗಳ ಮನೆಯ ಹೆಣ್ಣು, ಚುರುಕು.

"ಅಕ್ಕಾ, ಮೂವತ್ತೆಂಟರ ಕಣ್ಣು ಹೋಗಿದೆ. ಬೆಳಿಗ್ಗೆ ಏಳೂಕಾಲಿಗೆ ಕೈಬಿಟ್ಟಿದ್ದಾನೆ," ಎಂದಳು ಜಬೀನ್. "ಅದೇ ತೇವದ ಪ್ರಾಬ್ಲಮ್ಮು. ಮೆಕ್ಯಾನಿಕ್‌ಗೆ ಬರೆದುಬಿಡ್ತೀನಿ."

"ಬರಿ," ಎಂದಳು ಗಂಗರತ್ನ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಸುಮ್ಮನೆ ಸೆರಗು ಸರಿಮಾಡಿಕೊಂಡಳು.

ಒಂಬತ್ತೂಕಾಲಿಗೆ ಜಬೀನ್ ಮತ್ತೆ, "ಗಡಿಯಾರಕ್ಕೆ ಹೋಯ್ತು," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

"ಏನು ಗಡಿಯಾರ?"

"ಹೊಸಾ ರೂಲಲ್ವಾ ಅಕ್ಕ. ಕಣ್ಣು ಕೈಬಿಟ್ರೆ ಎರಡು ಗಂಟೆ ಕಾಯ್ತಾನೆ. ಆಮೇಲೆ ಸೊಪ್ಪು, ಮಂಜು ಎಲ್ಲಾ ಗಡಿಯಾರದ ಪ್ರಕಾರ. ಹುಳ ಉಪವಾಸ ಬೀಳಬಾರದು ಅಂತ. ಕಾಲು ಗಂಟೆಗೊಂದು ಸಲ ಮಂಜು. ಮೂರು ತಿಂಗಳಾಯ್ತು ಬಂದು, ಸುತ್ತೋಲೆ ಕೊಟ್ಟಿದ್ರಲ್ಲ."

ಹದಿನಾರು ಪುಟದ ಸುತ್ತೋಲೆ. ಎಲ್ಲರೂ ಸಹಿ ಹಾಕಿದ್ದರು, ಕೊನೆಯವರೆಗೆ ಓದಿದವರು ಜಬೀನಳಂಥ ಒಬ್ಬಿಬ್ಬರು.

ಗಂಗರತ್ನ ಕುರ್ಚಿ ತಿರುಗಿಸಿ ಜಬೀನಳ ಪರದೆ ನೋಡಿದಳು. ಹುಳು ತಲೆ ಎತ್ತಿದ್ದನ್ನು ಕಂಡು ಪಾರುಪತ್ಯಗಾರನಿಗೆ ತಿಳಿಸುವವನು ಕಣ್ಣು. ಅವನು ತಿಳಿಸಿದರೇ ಸೊಪ್ಪು, ಮಂಜು ನಿಲ್ಲುವುದು. ಕಣ್ಣಿಲ್ಲದ ಮನೆಯಲ್ಲಿ ಈಗ ನಿದ್ದೆ ಹೋದ ಹುಳುಗಳ ಮೇಲೆ ಸೊಪ್ಪು ಬೀಳುತ್ತಿದೆ, ನೀರು ಬೀಳುತ್ತಿದೆ. ಎರಡು ಬೆಳೆ ಕೆಟ್ಟದ್ದು ಯಾಕೆಂದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯಿತು. ಬಟ್ಟೆ ತೆಳ್ಳಗಿದ್ದುದರಿಂದಲ್ಲ, ಬಟ್ಟೆ ಇದ್ದುದರಿಂದ. ಅವಳಿಗೆ ತನ್ನ ಮೇಲೇ ಅಸಹ್ಯ ಹುಟ್ಟಿತು.

ಪಿಳ್ಳಮ್ಮನಿಗೆ ಫೋನ್ ಮಾಡಿದಳು. ಅಕ್ಕಿಡಬ್ಬದೊಳಗೆ ಅದು ಎಷ್ಟು ಬಡಿದುಕೊಂಡಿತೋ. ಮತ್ತೆ ಮಾಡಿದಳು, ಮತ್ತೆ. ರಾಮಾಂಜಿಯನ್ನು ಓಡಿಸಿದರೆ ಆಟೋ ಹಿಡಿದು, ಪಿಳ್ಳಮ್ಮನನ್ನು ಕೂಗಿ ಬಾಗಿಲು ತೆಗೆಸುವಷ್ಟರಲ್ಲಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಇನ್ನೂ ಮೂರು ಸಲ ಮಂಜು. ಜ್ವರದ ಹುಳು ಮೂರು ಸಲ ನೆಂದರೆ ಮೈ ಮೆತ್ತಗಾಗಿ ಸಾಯುವ ಸಪ್ಪೆ ರೋಗ ಕಟ್ಟಿಟ್ಟ ಬುತ್ತಿ ಎಂದು ಪಿಳ್ಳಮ್ಮನೇ ಹೇಳುತ್ತಿದ್ದಳು.

ಗಂಗರತ್ನ ಎದ್ದು ಜಬೀನಳ ಪಕ್ಕ ನಿಂತಳು. "ಮಂಜು, ಸೊಪ್ಪು ಎರಡೂ ನಿಲ್ಲಿಸಬೇಕು."

"ನಿಲ್ಲಿಸೋಕೆ ಇಬ್ಬರ ಕೀಲಿ ಬೇಕು. ಕಾರಣಾನೂ ಬೇಕು."

ಕಾರಣದ ಜಾಗದಲ್ಲಿ ಎರಡೇ ಆಯ್ಕೆ. ಒಂದು, ಯಂತ್ರದ ದೋಷ. ಅದನ್ನು ಒತ್ತಿದರೆ ಮೆಕ್ಯಾನಿಕ್ ಹೋಗಿ ನೋಡಿ ಹೌದೆಂದ ಮೇಲಷ್ಟೇ ಆಳು ನಿಲ್ಲುತ್ತಾನೆ. ಮೆಕ್ಯಾನಿಕ್ ಹೋಗುವುದು ನಾಳೆ. ಇನ್ನೊಂದು, ಮನುಷ್ಯರ ಕೈ. ಅದನ್ನು ಒತ್ತಿದರೆ ತಕ್ಷಣ ನಿಲ್ಲುತ್ತಾನೆ. ಆದರೆ ಯಾರ ಕೈ, ಏನು ಮಾಡಿತು ಎಂದು ಬರೆಯಬೇಕು, ಆ ಮನೆಯ ನೂಲು ವಿಚಾರಣೆಗೆ ಹೋಗುತ್ತದೆ. ವಿಚಾರಣೆ ಮುಗಿಯುವ ತನಕ ಅದನ್ನು ಯಾವ ರೋಗಿಗೂ ಕೊಡುವ ಹಾಗಿಲ್ಲ.

ಸೂಪರ್‌ವೈಸರ್ ಸೇತುರಾಮ್ ಟೀ ಕುಡಿಯುತ್ತಾ ಅತ್ತ ಬಂದರು. ಕಣ್ಣು ಕೆಟ್ಟ ವಿಷಯ ಕೇಳಿ, "ತೇವ ಕಣ್ರೀ. ಗಡಿಯಾರದ ರೂಲು ಅದಕ್ಕೇ ಇರೋದು. ಬಿಡಿ, ನೋಡೋಣ," ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದರು.

ಒಂಬತ್ತೂವರೆ. ಪರದೆಯ ಮೇಲೆ ಒಂದು ಸಾಲು ಮೂಡಿತು: ಮಂಜು ನಡೆಯುತ್ತಿದೆ. ನಲವತ್ತು ಸೆಕೆಂಡು. ಮುಗಿಯಿತು.

"ಮನುಷ್ಯರ ಕೈ ಅಂತ ಹಾಕು," ಎಂದಳು ಗಂಗರತ್ನ.

ಜಬೀನ್ ತಿರುಗಿ ನೋಡಿದಳು. "ಯಾರದು ಅಂತ ಕೇಳುತ್ತೆ ಅಕ್ಕ."

ಪಿಳ್ಳಮ್ಮನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಎರಡು ಸಲ ಕಟ್ಟಿದವಳು ಅವಳೇ ತಾನೇ, ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. ಕೆಲಸ ಹೋದರೆ ಪಿಳ್ಳಮ್ಮ ಎಲ್ಲಿಗೆ ಹೋಗುತ್ತಾಳೆ ಎಂಬ ಯೋಚನೆ ಅದರ ಹಿಂದೆಯೇ ಬಂತು. ಗಂಗರತ್ನ ಆ ಹೆಸರನ್ನು ನುಂಗಿಕೊಂಡಳು. ಕೀಬೋರ್ಡನ್ನು ತನ್ನತ್ತ ಎಳೆದು, ತನ್ನ ಕೀಲಿ ಹಾಕಿ ತಾನೇ ಬರೆದಳು.

ಮನೆ ೩೮. ಸೊಪ್ಪು ನಿಲ್ಲಿಸು. ಮಂಜು ನಿಲ್ಲಿಸು. ಕಾರಣ: ಮನುಷ್ಯರ ಕೈ. ಯಾರ ಕೈ: ಗಂಗರತ್ನ, ಆಪರೇಟರ್. ಏನು ಮಾಡಿತು: ಕಣ್ಣಿಗೆ ಬಟ್ಟೆ ಕಟ್ಟಿತು.

ಓದಿದ ಜಬೀನ್ ಬಾಯಿಗೆ ಕೈ ಹಿಡಿದಳು. "ಅಕ್ಕಾ! ನೀನಾ?" ಆಮೇಲೆ ದನಿ ತಗ್ಗಿಸಿ, "ನೂಲು ವಿಚಾರಣೆಗೆ ಹೋಗುತ್ತೆ. ಭಾವನ ಕೈ ಏನಾಗಬೇಕು?"

"ಹುಳನೇ ಉಳೀದಿದ್ರೆ ನೂಲು ಎಲ್ಲಿಂದ ಬರುತ್ತೆ ಜಬೀನ್? ಇನ್ನೂ ನಾಲ್ಕು ಜನರ ಪಾಲಿದೆ ಅದರಲ್ಲಿ. ಅವರಿಗೆ ನಾನು ಏನು ಹೇಳ್ಲಿ? ನಿನ್ನ ಕೀಲಿ ಹಾಕು."

ಜಬೀನ್ ಹಾಕಿದಳು. ಒಂಬತ್ತು ನಲವತ್ತೊಂದು. ಪಾರುಪತ್ಯಗಾರ ಬೈಯಲಿಲ್ಲ, ಆಶ್ಚರ್ಯಪಡಲಿಲ್ಲ. ಸೊಪ್ಪು ನಿಂತಿದೆ, ಮಂಜು ನಿಂತಿದೆ ಎಂದು ಎರಡು ಸಾಲು ಬರೆದ. ಒಂಬತ್ತೂಮುಕ್ಕಾಲು ಬಂತು, ಹೋಯಿತು. ಮಂಜು ಏಳಲಿಲ್ಲ. ಗಂಗರತ್ನ ನೆಂದ ಹಾಸಿಗೆ ಬೇಗ ಒಣಗಲೆಂದು ಫ್ಯಾನನ್ನು ಒಂದು ಮೆಟ್ಟಿಲು ಏರಿಸಿ ಕುರ್ಚಿಗೆ ಒರಗಿದಳು.

ಜಬೀನ್ ಮಾತ್ರ ಸುಮ್ಮನೆ ಕೂರಲಿಲ್ಲ. ಏನೋ ಹೊಳೆದವಳಂತೆ ಉಳಿದ ಮನೆಗಳ ಹಳೇ ದಿನಚರಿಗಳನ್ನು ಕಿಂಡಿಯಿಂದ ತರಿಸತೊಡಗಿದಳು. ಹನ್ನೆರಡನೇ ಮನೆ, ನಾಲ್ಕನೇ ಜ್ವರ, ಕಣ್ಣು: ಕೈಬಿಟ್ಟೆ. ಹತ್ತೊಂಬತ್ತನೇ ಮನೆ, ನಾಲ್ಕನೇ ಜ್ವರ, ಕಣ್ಣು: ಕೈಬಿಟ್ಟೆ. ಐವತ್ತೆರಡು, ಐವತ್ತೈದು. ಅರವತ್ತರಲ್ಲಿ ನಲವತ್ತೊಂದು ಮನೆಗಳಲ್ಲಿ, ನಾಲ್ಕು ವರ್ಷದಿಂದ, ಪ್ರತಿ ಬೆಳೆಯಲ್ಲೂ, ಅದೇ ದಿನ.

"ತೇವ ಏನು ಪಂಚಾಂಗ ನೋಡ್ಕೊಂಡು ಬರುತ್ತಾ ಅಕ್ಕ?" ಎಂದಳು ಜಬೀನ್. ಆಮೇಲೆ ಕೊರಳಿನ ತಾಯಿತ ಮುಟ್ಟಿಕೊಂಡು, "ನಾನೂ ದೊಡ್ಡ ಮಾತಾಡಬಾರದು ಬಿಡು," ಎಂದು ನಕ್ಕುಬಿಟ್ಟಳು.

ಎಲ್ಲರೂ ಕಟ್ಟುತ್ತಿದ್ದರು. ಯಾರೂ ಹೇಳಿರಲಿಲ್ಲ. ಕ್ಯಾಮೆರಾ ಬಾರಿಬಾರಿಗೂ ಕೆಡುತ್ತದೆಂದು ನಂಬಿದ ಎಂಜಿನಿಯರುಗಳು ಅದಕ್ಕೆ ಮದ್ದಾಗಿ ಗಡಿಯಾರದ ನಿಯಮ ತಂದಿದ್ದರು, ಆ ಮದ್ದೇ ಮೂರು ತಿಂಗಳಿಂದ ಬೆಳೆಗಳನ್ನು ಕೊಲ್ಲುತ್ತಿತ್ತು. ಆ ದಿನವೂ ನಾಲ್ಕನೇ ಜ್ವರದಲ್ಲಿದ್ದ ಇನ್ನೂ ಎಂಟು ಮನೆಗಳ ಕಣ್ಣು ಕತ್ತಲಾಗಿತ್ತು. ಸೇತುರಾಮ್ ಓಡಿ ಬಂದರು, ಟೀ ಲೋಟ ಎಲ್ಲಿಟ್ಟರೋ ಅವರಿಗೇ ಗೊತ್ತಿಲ್ಲ. ಅವರ ಕೀಲಿ, ಜಬೀನಳ ಕೀಲಿ ಸೇರಿಸಿ ಎಂಟು ಮನೆಗಳಲ್ಲೂ ಸೊಪ್ಪು, ಮಂಜು ನಿಲ್ಲಿಸಿದರು.

ಸಂಜೆ ಗಂಗರತ್ನ ಮನೆಗೆ ಹೋಗಿ ಗಂಡನ ಮುಂದೆ ಕೂತು ನಡೆದದ್ದನ್ನೆಲ್ಲಾ ಹೇಳಿದಳು. ರಾಮಾಂಜಿ ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ.

"ನನಗೊಂದ್ ಮಾತು ಹೇಳಿದ್ರೆ ನಾನೂ ಬರ್ತಿದ್ದೆ, ಗಂಟು ಹಾಕೋಕೆ," ಎಂದ. "ನಾನೂ ಅದನ್ನೇ ಮಾಡ್ತಿದ್ದೆ ರತ್ನಾ. ಯಾರನ್ನ ಬೈಲಿ?"

ಆಗ ಅವಳು ಅತ್ತಳು.

ಮಂಗಳವಾರ ಬೆಳಿಗ್ಗೆ ಪಿಳ್ಳಮ್ಮ ಬಾಗಿಲು ತೆಗೆದಾಗ ಹುಳುಗಳು ಪೊರೆ ಬಿಟ್ಟು ಎದ್ದಿದ್ದವು. ಎರಡು ಸಲ ನೆಂದದ್ದಕ್ಕೆ ಮೇಲಿನ ತಟ್ಟೆಗಳಲ್ಲಿ ಕೆಲವು ಸತ್ತಿದ್ದವು, ಉಳಿದವು ಹಸಿದು ತಲೆಯಾಡಿಸುತ್ತಿದ್ದವು. ಎಂಟನೇ ದಿನ ಮೇವು ಬಿಟ್ಟು ಹಣ್ಣಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಏರಿದವು.

ವಿಚಾರಣೆಯಲ್ಲಿ ಗಂಗರತ್ನ ಬಟ್ಟೆಯನ್ನು ಹೇಗೆ ಕುದಿಸಿದಳು, ಎಷ್ಟು ಹೊತ್ತು, ಬೇವು ಎಷ್ಟು ಎಂದೆಲ್ಲಾ ಕೇಳಿದರು. ಹೇಳಿದಳು. ಲ್ಯಾಬಿನವರು ನೂಲನ್ನು ಹದಿನಾಲ್ಕು ದಿನ ಇಟ್ಟುಕೊಂಡು ಸೋಸಿ ನೋಡಿದರು. ಆ ಹದಿನಾಲ್ಕು ದಿನ ಗಂಗರತ್ನಳ ಮನೆಯಲ್ಲಿ ಯಾರೂ ಕ್ಯಾಲೆಂಡರಿನ ಕಡೆ ನೋಡಲಿಲ್ಲ, ಎಲ್ಲರಿಗೂ ತಾರೀಖು ಬಾಯಿಪಾಠವಾಗಿತ್ತು. ಕೊನೆಗೆ ಕಾಗದ ಬಂತು. ನೂಲು ಶುದ್ಧವಾಗಿದೆ. ಅದೇ ಲಕೋಟೆಯಲ್ಲಿ ಇನ್ನೊಂದು ಕಾಗದ. ಆಪರೇಟರ್ ಗಂಗರತ್ನ ಇನ್ನು ಮುಂದೆ ಕಿಂಡಿಯ ಮುಂದೆ ಕೂರುವ ಹಾಗಿಲ್ಲ.

ಅದು ನ್ಯಾಯವೇ ಎಂದು ಅವಳಿಗೂ ಅನ್ನಿಸಿತು. ಅನ್ನಿಸಿದರೂ ಹದಿಮೂರು ವರ್ಷದ ಕುರ್ಚಿ ಬಿಟ್ಟು ಬರುವುದು ಸುಲಭವಾಗಲಿಲ್ಲ. ಸಂಘ ಅವಳನ್ನು ದೊಡ್ಡಗುಟ್ಟೆಗೆ, ಪಿಳ್ಳಮ್ಮನ ಕೈಕೆಳಗೆ ಹಾಕಿತು. ಗಡಿಯಾರದ ನಿಯಮ ರದ್ದಾಯಿತು. ಪಾರುಪತ್ಯಗಾರನ ಕೈಕೆಳಗೆ ಆರನೆಯ ಆಳೊಬ್ಬ ಬಂದ, ಹೆಸರು ಪರದೆ. ನಾಲ್ಕನೇ ಜ್ವರ ಬಂತೆಂದರೆ ಅವನು ಮನೆಯ ಚಿತ್ರ ಹೊರಗೆ ಹೋಗದಂತೆ ತಡೆಯುತ್ತಾನೆ. ಕಣ್ಣು ಒಳಗೊಳಗೇ ನೋಡಿ, ಹುಳು ನಿದ್ದೆಯಲ್ಲಿದೆಯೋ ಎದ್ದಿದೆಯೋ ಎಂಬಷ್ಟನ್ನು ಮಾತ್ರ ಪಾರುಪತ್ಯಗಾರನಿಗೆ ಹೇಳುತ್ತದೆ.

"ಸಂಗದೋರ್ಗೂ ಬುದ್ದಿ ಬಂತು," ಎಂದಳು ಪಿಳ್ಳಮ್ಮ. ಎಂದವಳೇ ಬಾಗಿಲಿಗೆ ಒಂದು ನಿಂಬೆಹಣ್ಣೂ ಕಟ್ಟಿದಳು.

ರಾಮಾಂಜಿಯ ಕೈಗೆ ಹೊಲಿಗೆ ಬಿದ್ದದ್ದು ಹನ್ನೆರಡನೇ ತಿಂಗಳಿನ ಮೊದಲ ವಾರ. ಮಣಿಕಟ್ಟಿನಿಂದ ಹೆಬ್ಬೆರಳಿನ ತುದಿಗೆ ಹದಿಮೂರು ಸೆಂಟಿಮೀಟರ್. ಗಂಗರತ್ನ ಸ್ಕೇಲು ಹಿಡಿದು ಅಳೆದು, ಹತ್ತು ದಿನಕ್ಕೊಂದು ಸಲ ಅವನ ಅಂಗೈ ಮೇಲೆ ಪೆನ್ನಿನಿಂದ ಗೆರೆ ಎಳೆಯುತ್ತಿದ್ದಳು. ಗೆರೆ ಮುಂದೆ ಹೋಗುತ್ತಿತ್ತು, ಬೆರಳು ಮಾತ್ರ ಮರದ ತುಂಡು. ಗೆರೆ ಹೆಬ್ಬೆರಳಿನ ಗಿಣ್ಣು ದಾಟಿತು. ಉಗುರಿನ ಹತ್ತಿರ ಬಂತು. ತುದಿ ಮುಟ್ಟಿ ಹನ್ನೊಂದು ದಿನವಾಯಿತು. ಅವಳು ಪೆನ್ನನ್ನು ಎತ್ತಿಟ್ಟುಬಿಟ್ಟಳು. ಡಾಕ್ಟರ ಮಿಲಿಮೀಟರೆಲ್ಲಾ ಪುಸ್ತಕದ್ದು ಎಂದು ರಾಮಾಂಜಿ ಸಮಾಧಾನ ಹೇಳಿದ. ಯಾರಿಗೆ ಹೇಳಿದನೋ.

ಗಂಗರತ್ನ ಈಗ ಬೇಗ ಹೊರಡಬೇಕಿತ್ತು, ಏಳಕ್ಕೆ ಹುಳುಗಳಿಗೆ ಮೊದಲ ಸೊಪ್ಪು. ಒಂದು ಬೆಳಿಗ್ಗೆ ಅವಸರದಲ್ಲಿ ಕಾಫಿ ಸುರಿದು, ಲೋಟ ಮುಟ್ಟಿ ನೋಡುವುದನ್ನು ಮರೆತು ಗಂಡನ ಮುಂದಿಟ್ಟು ಡಬ್ಬಿ ಕಟ್ಟಲು ಒಳಗೆ ಹೋದಳು. ಲೋಟ ನೆಲಕ್ಕೆ ಬಿದ್ದು ಉರುಳಿದ ಸದ್ದು ಕೇಳಿ ಓಡಿ ಬಂದಳು.

ರಾಮಾಂಜಿ ಕಾಫಿಯ ಮಡುವಿನ ನಡುವೆ ನಿಂತು ಬಲಗೈಯ ಹೆಬ್ಬೆರಳನ್ನು ಕಣ್ಣಿನ ಮುಂದೆ ಹಿಡಿದಿದ್ದ.

"ಸುಡ್ತದೆ," ಎಂದ. "ಸುಡ್ತದೆ ಕಣೇ ರತ್ನಾ!"

ಅವಳು ಅವನ ಬೆರಳು ಹಿಡಿದು ಊದಿದಳು. ಕಣ್ಣಲ್ಲಿ ನೀರು ಬಂದು ಏನೂ ಕಾಣಲಿಲ್ಲ. ಅವನು ಕೈ ಬಿಡಿಸಿಕೊಂಡು ಬಗ್ಗಿ, ಉರುಳಿಹೋಗಿದ್ದ ಲೋಟವನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಇನ್ನೊಂದ್ ಲೋಟ ಹಾಕ್ಕೊಡು," ಎಂದ. "ಇದಕ್ಕಿಂತ ಬಿಸಿ ಇರ್ಲಿ."